ಹಂದಿ ಕೂದ್ಲದ ದಾಡಿ ಬ್ರಷ್ ತಗೊಂಡೀನಿ, ಬುರುಗು ನಿಲ್ಲವಲ್ದು, ವಾಪಸ್ ಕಳಸ್ಲಿ?

ನವನಗರ_ಬಾಗಲಕೋಟಿ:
ಎಲ್ಲಾರಿಗೂ ನಮಸ್ಕಾರ ರಿ. ಇಷ್ಟ ವರ್ಷ ಡಬ್ಬಿ ಫೋಮ್ ಹಚ್ಕೊಂಡ ದಾಡಿ ಮಾಡ್ಕೊಂತಿದ್ದೆ, ಕುತ್ತಿಗಿ ಮ್ಯಾಲ ಬರೇ ಗುಳ್ಳಿ ಏಳ್ತಿದ್ವು, ಅದಕ್ಕ ಆನ್‌ಲೈನ್‌ನ್ಯಾಗ ಹಂದಿ ಕೂದ್ಲದ ಬ್ರಷ್ ತರ್ಸೀನಿ. ಐದ ದಾಡಿ ಆದ್ವು. ಬಿಸಿನೀರ ಬಿದ್ದ ಕೂಡ್ಲೆ ಮಳ್ಯಾಗ ತೊಯ್ದ ಆಡಿನ ಹಂಗ ವಾಸನಿ ಬರತೈತಿ. ಬಟ್ಟಲದಾಗ ಬುರುಗು ಬೆಣ್ಣಿ ಹಂಗ ಏಳತೈತಿ, ಖರೆ ಒಂದು ಗಲ್ಲ ಎಳದ ಮುಗಸೂದ್ರಾಗ ಇನ್ನೊಂದು ಗಲ್ಲದ್ದು ಒಣಗಿ ಹೋಗಿರತೈತಿ. ತುದಿ ಕಸಬರಗಿ ಹಂಗ ಚುಚ್ಚತಾವು, ದಿನಾ ಎರಡ ಮೂರು ಕೂದ್ಲ ಉದರತಾವು. ವಾಪಸ್ ಮಾಡಾಕ ಇನ್ನ ನಾಲ್ಕ ದಿನ ಟೈಮ್ ಐತಿ. ಮಾಲ ಖರಾಬ್ ಬಂದೈತೋ ನಾ ಮಾಡೂದ ತಪ್ಪೋ? ನಮ್ಮ ಓಣ್ಯಾಗ ಬೋರಿನ ನೀರು, ಭಾಳ ಸವಳ.

ಬೆಳಗಾವಿ_ಟಿಳಕವಾಡಿ:
ವಾಪಸ್ ಕಳಸಬ್ಯಾಡ್ರಿ. ಹೊಸಾದು ಹಿಂಗ ಇರತೈತಿ. ಈ ಕೂದ್ಲ ನೀರ ಕುಡಿತೈತ್ರಿ. ಒಣಾ ಬ್ರಷ್ ಸುಮ್ನ ಅದ್ದಿ ಸೋಪಿಗೆ ತಿಕ್ಕಿದ್ರ ಬುರುಗಿನ್ಯಾಗಿನ ನೀರೆಲ್ಲಾ ಅದ ಎಳ್ಕೊಂಡ ಬಿಡತೈತಿ, ಅದಕ್ಕ ಗಲ್ಲದ ಮ್ಯಾಲ ಒಣಗೂದು. ಜಳಕಕ್ಕ ಹೋಗೂಮುಂದ ಮಗ್ಗಿನ್ಯಾಗ ಬೆಚ್ಚಗಿನ ನೀರ ಹಾಕಿ ಕೂದ್ಲ ಅಷ್ಟ ಮುಳಗೂವಂಗ ಐದ ನಿಮಿಷ ನಿಂದ್ರಿಸ್ರಿ, ಹೊರಗ ಬರೂದ್ರಾಗ ತಯಾರ್ ಇರತೈತಿ. ಕುದಿಯೂ ನೀರ ಮಾತ್ರ ಬ್ಯಾಡ, ಕೂದ್ಲ ಕೆಡತಾವು, ಬುಡದ ಅಂಟೂ ಬಿಡತೈತಿ. ಸೋಪು ಜಾಸ್ತಿ ತಗೋರಿ, ಅರ್ಧ ನಿಮಿಷಕ್ಕಿಂತ ಕಡಿಮಿ ತಿರವಬ್ಯಾಡ್ರಿ.

ಚುಚ್ಚೂದು ತಾನ ಹೋಗತೈತಿ. ದಿನಾ ತೊಯ್ದು ದಿನಾ ಒಣಗಿ ಒಂದೊಂದು ಕೂದ್ಲದ ತುದಿ ಎರಡ ಮೂರು ಸೀಳ ಆಗತಾವು, ಆ ಸೀಳಿಂದನ ಮೆತ್ತಗ ಆಗೂದು. ನಂದು ಇಟಲಿ ಬೊಲೊನ್ಯಾದ ಓಮೆಗಾ, 1931ರಿಂದ ಬ್ರಷ್ ಮಾಡೂ ಕಂಪನಿ, ಅದಕ್ಕೂ 20 ದಾಡಿ ಬೇಕಾತು. ಈಗ ಬೆಳಕಿಗೆ ಹಿಡದ್ರ ತುದಿ ಹತ್ತಿ ಅರಳಿದಂಗ ಕಾಣತೈತಿ, ಅದನ್ನ ನೋಡಿದ್ರನ ಖುಷಿ ಆಗತೈತಿ.

ವಿಜಯಪುರ_ಗುಮ್ಮಟ:
ನೀರಿಂದ ಯಾರೂ ಹೇಳಲಿಲ್ಲ. ಸವಳ ನೀರಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರ್ತಾವ, ಸೋಪಿಗೆ ಕೂಡಿ ಬಿಳೇ ಜಿಗಟ ಆಗ್ತದ, ಬುರುಗು ಏಳೂದಿಲ್ಲ, ಆ ಜಿಗಟೆಲ್ಲಾ ಬ್ರಷಿನ ಬುಡದಾಗ ಕುಂಡ್ರತದ. ನಾನಂತೂ ದಾಡಿಗೆ ಅರ್ಧ ಗ್ಲಾಸ್ ಫಿಲ್ಟರ್ ನೀರ ಕಾಸ್ಕೊಂತೀನಿ, ಅಷ್ಟ ಸಾಕಾಗ್ತದ. ತಿಂಗಳಿಗೊಮ್ಮೆ ಮಗ್ ನೀರಿಗೆ ಅರ್ಧ ಲಿಂಬಿ ಹಿಂಡಿ ಹದಿನೈದ ನಿಮಿಷ ನೆನಿ ಇಡ್ರಿ, ಇಂಡಿ ಲಿಂಬಿ ನಮ್ಮ ಕಡೆ ಏನ್ ಕಡಿಮಿ ಅದಾವೇನ್ರಿ.

ಇನ್ನೊಂದು, ಮನ್ಯಾಗ ಅವ್ವಗ ಕೇಳೀರೇನು? ನಮ್ಮವ್ವ ಹಂದಿ ಕೂದ್ಲ ಅಂದ ಕೂಡ್ಲೆ ಬಚ್ಚಲಾಗ ಇಡಾಕ ಬಿಡಲಿಲ್ಲ, ಅಕಿ ಮನಸ್ಸ ನೋಯಸೂದು ಬ್ಯಾಡ ಅಂತ ಒಂದು ವರ್ಷ ನೈಲಾನಿಂದ ವಾಪರ್ಸಿದೆ. ಅದೂ ಚಲೋನ ಇರ್ತದ, ನೆನಿ ಇಡೂದು ಬ್ಯಾಡ, ಮೊದಲನೇ ದಿನಾನ ಮೆತ್ತಗ. ಡಬ್ಬಿ ಮ್ಯಾಲ ‘ಪ್ಯೂರ್ ಬ್ರಿಸಲ್’ ಅಂತ ಇದ್ರ ಅದು ಹಂದಿ ಕೂದ್ಲನ ಅಂತ ತಿಳ್ಕೊಂಡ ತಗೋರಿ.

ಹಳೇ_ಅಂಗಡಿ_ಬೆಳಗಾವಿ:
ತಮ್ಮಾ, ನಮ್ಮ ಅಪ್ಪಾರದು ಕಟಿಂಗ್ ಅಂಗಡಿ ಇತ್ತು. ಹೊಸಾ ಬ್ರಷ್ ಬಂದ್ರ ರಾತ್ರಿ ಅಂಗಡಿ ಮುಚ್ಚೂಮುಂದ ಅಂಗೈ ಮ್ಯಾಲ ದಪ್ಪಗ ಬುರುಗು ಮಾಡಿ ಹಂಗ ಬುರುಗಿನ ಸಮೇತ ಇಟ್ಟ ಬರತಿದ್ರು, ಮುಂಜಾನೆ ತೊಳದು ಒಣಗಸ್ತಿದ್ರು. ನಾಲ್ಕ ರಾತ್ರಿಗೆ ವಾಸನಿ ಹೋಗ್ತಿತ್ತು. ಮೊದಲ ವಾರ ಕೂದ್ಲ ಉದರಿದ್ರ ಅಂಜಬ್ಯಾಡ, ತಿಂಗಳಾದ್ರೂ ನಿಲ್ಲಲಿಲ್ಲ ಅಂದ್ರ ಕಟ್ಟೂದ ಸರಿ ಇಲ್ಲ ಅಂತ ತಿಳಕೋ. ಗಲ್ಲದ ಮ್ಯಾಲ ಒತ್ತಿ ಗುಂಡಗ ತಿರವಬ್ಯಾಡ, ಸುಣ್ಣ ಹಚ್ಚಿದಂಗ ಮ್ಯಾಲ ಕೆಳಗ ಸವರು.

ಒಣಗಸೂದು ಭಾಳ ಮುಖ್ಯ. ಜಾಡಿಸಿ, ಟವೆಲಿಗೆ ಒರಸಿ, ಗಾಳಿಗೆ ಇಡು. ನಮ್ಮ ಬೆಳಗಾವಿ ಜುಲೈ ಮಳ್ಯಾಗ ಎರಡ ದಿನ ಆದ್ರೂ ಬುಡ ಹಸೀನ ಇರತೈತಿ, ಡಬ್ಬ್ಯಾಗ ಮುಚ್ಚಿಟ್ಟ ಒಂದು ಒಳ್ಳೇ ಬ್ರಷಿಗೆ ಬೂಸ್ಟ ಹಿಡಿಸಿ ಚೆಲ್ಲೀನಿ, ಇನ್ನೂ ಮನಸ್ಸಿಗೆ ಹತ್ತೈತಿ.

ನವನಗರ_ಬಾಗಲಕೋಟಿ:
ಇವತ್ತ ನೆನಿ ಇಟ್ಟು ಫಿಲ್ಟರ್ ನೀರಾಗ ಮಾಡಿದೆ ರಿ, ಎರಡನೇ ಸಲ ಹಚ್ಚೂತನಕ ಬುರುಗು ಹಂಗ ಇತ್ತು! ವಾಸನಿ ಸ್ವಲ್ಪ ಐತಿ. ವಾಪಸ್ ಕಳಸೂದು ಕ್ಯಾನ್ಸಲ್ ಮಾಡೀನಿ, ಅವ್ವಗೂ ಹೇಳೀನಿ, ಬ್ಯಾರೆ ಗೂಟಕ್ಕ ಇಡು ಅಂದ್ಳು. ಹಿಡಕಿ ಕಟಗೀದು, ಲಿಂಬಿ ನೀರ ತಾಗಿದ್ರ ನಡಿತೈತಿ?

ವಿಜಯಪುರ_ಗುಮ್ಮಟ:
ಕಟಗಿಗೆ ಬ್ಯಾಡ್ರಿ, ಪಾಲಿಶ್ ಹೋಗ್ತದ. ಕೂದ್ಲ ಅಷ್ಟ ಅದ್ದ್ರಿ.