ರೇಡಿಯೋದಲ್ಲಿ ವಿಡಿಯೋ ಗೇಮ್ ವಿಮರ್ಶೆ: ಕಾಣದ ಆಟವನ್ನು ಕೇಳಿಸೋದು ಹೇಗೆ?

ಅರ್ಧಗಂಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಸಮುದಾಯ ರೇಡಿಯೋದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ವಿಡಿಯೋ ಗೇಮ್ ಕಾರ್ಯಕ್ರಮ ಮಾಡುತ್ತೇನೆ. ಸಂಬಳ ಗಿಂಬಳ ಏನೂ ಇಲ್ಲ, ಸುಮ್ನೆ ಆಸೆಗೆ. ಮೊದಲ ಹತ್ತು ನಿಮಿಷ ಸುದ್ದಿ, ಆಮೇಲೆ ಹದಿನೈದು ನಿಮಿಷ ಒಂದು ಗೇಮಿನ ವಿಮರ್ಶೆ, ಉಳಿದದ್ದು ಫೋನ್ ಕರೆ. ಕರೆ ಅನ್ನೋದು ಹೆಸರಿಗೆ ಮಾತ್ರ. ಬರೋದು ಎರಡು, ಅದರಲ್ಲಿ ಒಂದು ನನ್ನ ತಮ್ಮನದು.

ತೊಂದರೆ ಎರಡಿವೆ. ನಮ್ಮದು ಗುರುವಾರ ರೆಕಾರ್ಡ್, ಶನಿವಾರ ಪ್ರಸಾರ. 2025ರ ಮೇ 1, ಗುರುವಾರ, ಮೈಕ್ ಮುಂದೆ ಕೂತು ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೋ ಗೇಮಿನ ಹೊಸ ಭಾಗ) ಈ ವರ್ಷವೇ ಬರುತ್ತದೆ, ರಜೆ ಈಗಲೇ ಬರೆದಿಡಿ ಅಂತ ಹುರುಪಿನಿಂದ ಹೇಳಿದೆ. ಮರುದಿನವೇ ಆ ಗೇಮ್ ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು 2026ರ ಮೇ 26ಕ್ಕೆ ಮುಂದೂಡಿತು. ಶನಿವಾರ ಮನೆಯವರೆಲ್ಲ ಕೂತು ಕೇಳುತ್ತಿದ್ದಾರೆ, ರೇಡಿಯೋದಲ್ಲಿ ನಾನು ರಜೆ ಬರೆದಿಡಿ ಅನ್ನುತ್ತಿದ್ದೇನೆ, ಪಕ್ಕದಲ್ಲಿ ತಮ್ಮ ಹೊಟ್ಟೆ ಹಿಡಿದು ನಗುತ್ತಿದ್ದಾನೆ. ಆಮೇಲೆ ನವೆಂಬರಿನಲ್ಲಿ ಅದು ಇನ್ನೊಮ್ಮೆ ಮುಂದೆ ಹೋಯಿತು, ಈ ಸಲ 2026ರ ನವೆಂಬರ್ 19ಕ್ಕೆ. ಆಗ ನಾನು ಬಾಯಿಯೇ ಬಿಡಲಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಬರೆಯುವವರ ಹತ್ತಿರ ಸ್ಕ್ರೀನ್‌ಶಾಟ್ ಇದೆ, ಯೂಟ್ಯೂಬಿನವರು ಆಟವನ್ನೇ ತೋರಿಸುತ್ತಾರೆ. ನನ್ನ ಹತ್ತಿರ ಇರೋದು ಒಂದು ಮೈಕ್. ಹೋದ ವಾರ "ಗ್ರಾಫಿಕ್ಸ್ ಅಂದ್ರೆ ಗ್ರಾಫಿಕ್ಸ್, ನೀರಿನ ಮೇಲೆ ಬಿಸಿಲು ಬೀಳೋದು ನೋಡಬೇಕು" ಅಂದುಬಿಟ್ಟೆ. ಎಲ್ಲಿ ನೋಡಬೇಕು, ಆಂಟೆನಾದಲ್ಲಾ? ಕೇಳುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗೇಮ್ ಆಡುವ ಕಂಟ್ರೋಲರ್ ಮುಟ್ಟಿದವರೇ ಅಲ್ಲ. ನಿಲಯದವರು ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟುಬಿಡು, ಜನಕ್ಕೆ ಸುಲಭ ಅನ್ನುತ್ತಿದ್ದಾರೆ. ರೇಡಿಯೋ ಮಾಡಿದವರು, ಗೇಮ್ ಆಡುವವರು, ಏನಂತೀರಿ?

ಫೇಡರ್ ಉತ್ತರ:

ನಾನು ಹಳೇ ರೇಡಿಯೋದವನು. ಗೇಮ್ ಬಗ್ಗೆ ನನಗೆ ಗೊತ್ತಿರೋದು ಕಡಿಮೆ, ಹಾಗಾಗಿ ರೇಡಿಯೋ ಮಾತ್ರ ಹೇಳುತ್ತೇನೆ.

ಹತ್ತು ನಿಮಿಷ ಸುದ್ದಿ ಜಾಸ್ತಿ ಆಯಿತು. ಆಟ ಆಡುವವನು ಅದನ್ನು ಫೋನಿನಲ್ಲಿ ಓದಿ ಎರಡು ದಿನ ಆಗಿರುತ್ತದೆ, ಆಡದವನಿಗೆ ಆ ತಾರೀಕುಗಳು ಬೇಕಾಗಿಲ್ಲ. ಅಂದಮೇಲೆ ಯಾರಿಗೆ ಓದುತ್ತಿದ್ದೀರಿ? ಮೂರು ನಿಮಿಷಕ್ಕೆ ಇಳಿಸಿ. ಆ ಮೂರು ನಿಮಿಷವನ್ನು ಬೇರೆ ಫೈಲ್ ಮಾಡಿ ಇಡಿ. ಶುಕ್ರವಾರ ರಾತ್ರಿ ಏನಾದರೂ ಬದಲಾದರೆ ಅದನ್ನಷ್ಟೇ ತೆಗೆದು ಹೊಸದು ಹಾಕಬಹುದು, ಇಡೀ ಕಾರ್ಯಕ್ರಮ ಬಿಚ್ಚುವ ಕೆಲಸ ಇರೋದಿಲ್ಲ. ಅದೂ ಆಗದಿದ್ದರೆ "ಇದನ್ನು ರೆಕಾರ್ಡ್ ಮಾಡುವ ಹೊತ್ತಿಗೆ" ಅಂತ ಒಂದು ಮಾತು ಸೇರಿಸಿ, ಮಾನ ಉಳಿಯುತ್ತದೆ.

ಇನ್ನೊಂದು. ಗೇಮಿನ ಹೆಸರನ್ನು ಶುರುವಿನಲ್ಲಿ ಒಂದು ಸಲ ಹೇಳಿ ಆಮೇಲೆ ಹದಿನೈದು ನಿಮಿಷ "ಇದು", "ಇದರಲ್ಲಿ" ಅಂತ ಮಾತಾಡುತ್ತೀರಿ ಅಲ್ವಾ? ನೀವು ಹಾಗೆ ಮಾಡದಿದ್ದರೆ ಕ್ಷಮಿಸಿ, ಹೊಸಬರು ಎಲ್ಲರೂ ಮಾಡುತ್ತಾರೆ. ಐದನೇ ನಿಮಿಷಕ್ಕೆ ರೇಡಿಯೋ ಹಾಕಿದವನಿಗೆ ನೀವು ಯಾವುದರ ಬಗ್ಗೆ ಮಾತಾಡುತ್ತಿದ್ದೀರಿ ಅಂತ ಕೊನೆವರೆಗೂ ಗೊತ್ತಾಗೋದಿಲ್ಲ. ಓದುವವನು ಕಣ್ಣನ್ನು ಮೇಲಕ್ಕೆ ಒಯ್ದು ಶೀರ್ಷಿಕೆ ನೋಡಿಕೊಳ್ಳುತ್ತಾನೆ, ಕೇಳುವವನಿಗೆ ಆ ಸೌಲಭ್ಯ ಇಲ್ಲ.

ಹಳೇಜಾಯ್‌ಸ್ಟಿಕ್ ಉತ್ತರ:

ಅಂಕ ಬೇಡವೇ ಬೇಡ. ಫಾಲೌಟ್ ನ್ಯೂ ವೇಗಸ್ ಕಥೆ ಗೊತ್ತಲ್ಲ? 2010ರಲ್ಲಿ ಬಂದ ಗೇಮ್. ವಿಮರ್ಶಕರ ಅಂಕಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಸೈಟಿನಲ್ಲಿ ನೂರಕ್ಕೆ 85 ಬಂದರೆ ಮಾಡಿದವರಿಗೆ ಬೋನಸ್ ಅಂತ ಮಾತಾಗಿತ್ತು, ಬಂದದ್ದು 84. ಒಂದು ಅಂಕಕ್ಕೆ ಹೋಯಿತು. ಇವತ್ತು ಅದೇ ಗೇಮನ್ನು ಜನ ತಲೆ ಮೇಲೆ ಹೊತ್ತು ಕುಣಿಯುತ್ತಾರೆ, ಆ 84 ಯಾರಿಗೆ ನೆನಪಿದೆ?

ಅಂಕದ ಇನ್ನೊಂದು ಸಮಸ್ಯೆ ಏನಂದರೆ ಅದು ಯಾವ ಮಷೀನು, ಯಾವ ದಿನ ಅಂತ ಹೇಳೋದಿಲ್ಲ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರ್ 10ಕ್ಕೆ. ಅದಕ್ಕೂ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿಯದು, ಅದಕ್ಕೆ ಒಳ್ಳೇ ಅಂಕಗಳೂ ಬಂದವು. ಸೋನಿಯ ಗೇಮ್ ಮಷೀನು ಪಿಎಸ್4ನಲ್ಲಿ ಕೊಂಡವರ ಪಾಡು ಮಾತ್ರ ಕೇಳಬೇಡಿ. ಇನ್ನೂ ಹದಿನೈದು ದಿನವೂ ಆಗಿರಲಿಲ್ಲ, ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿತು. ವಾಪಸ್ ಬಂದದ್ದು 2021ರ ಜೂನಿನಲ್ಲಿ. ನೋ ಮ್ಯಾನ್ಸ್ ಸ್ಕೈ ಇದಕ್ಕೆ ಉಲ್ಟಾ. 2016ರಲ್ಲಿ ಹೇಳಿದ್ದೊಂದು ಕೊಟ್ಟಿದ್ದೊಂದು ಅಂತ ಜನ ಉಗಿದರು, ಅವರು ಬಾಯಿ ಮುಚ್ಚಿಕೊಂಡು ವರ್ಷಗಟ್ಟಲೆ ಪುಕ್ಕಟೆ ಅಪ್‌ಡೇಟ್ ಕೊಡುತ್ತಾ ಹೋದರು, ಈಗ ಆಡಿದರೆ ಬೇರೆಯೇ ಆಟ. ಇದಕ್ಕೆಲ್ಲ ಹತ್ತಕ್ಕೆ ಎಷ್ಟು ಅಂತ ಕೊಡುತ್ತೀರಿ?

ಅಂಕದ ಬದಲು ಇಷ್ಟು ಹೇಳಿ: ಯಾವುದರಲ್ಲಿ ಆಡಿದೆ, ಎಷ್ಟು ಗಂಟೆ ಆಡಿದೆ, ಮುಗಿಸಿದೆನಾ ಇಲ್ವಾ. ಮುಗಿಸದಿದ್ದರೆ ಎಲ್ಲಿ ಬಿಟ್ಟೆ, ಯಾಕೆ ಬಿಟ್ಟೆ. ನನ್ನ ಮಟ್ಟಿಗೆ "ಎಲ್ಲಿ ಬಿಟ್ಟೆ" ಅನ್ನೋದೇ ಅರ್ಧ ವಿಮರ್ಶೆ.

ವಿಮರ್ಶೆಗೆ ಅಂತ ಬಿಡುಗಡೆಗೆ ಮುಂಚೆಯೇ ಗೇಮಿನ ಕಾಪಿ ಸಿಗೋದಿಲ್ಲ ಅಂತ ಕೊರಗಬೇಡಿ. ಹಾಲೋ ನೈಟ್ ಸಿಲ್ಕ್‌ಸಾಂಗ್ ಅನ್ನೋ ಗೇಮ್ 2025ರ ಸೆಪ್ಟೆಂಬರ್ 4ಕ್ಕೆ ಬಂದಾಗ ಮಾಡಿದವರು ಯಾರಿಗೂ ಮುಂಚೆ ಕಳಿಸಲಿಲ್ಲ. ದುಡ್ಡು ಹಾಕಿ ಬೆಂಬಲಿಸಿದ ಜನ ಕಾಯುತ್ತಿರುವಾಗ ವಿಮರ್ಶಕರು ಮೊದಲು ಆಡೋದು ಸರಿಯಲ್ಲ ಅನ್ನೋದು ಅವರ ವಾದ. ಅವತ್ತು ದೊಡ್ಡ ದೊಡ್ಡ ಸೈಟಿನವರೂ ನಿಮ್ಮ ಹಾಗೆ ಡೌನ್‌ಲೋಡ್ ಬಟನ್ ಒತ್ತುತ್ತಾ ಕೂತಿದ್ದರು, ಗೇಮ್ ಮಾರುವ ಸ್ಟೀಮ್ ಸೈಟು ಬೇರೆ ಮಲಗಿಬಿಟ್ಟಿತ್ತು.

ಸುಮ್ನೆ_ಓದುವೆ ಉತ್ತರ:

ಬೇಜಾರು ಮಾಡ್ಕೋಬೇಡಿ, ಆದರೆ ಇದನ್ನು ರೇಡಿಯೋದಲ್ಲಿ ಯಾಕೆ ಮಾಡಬೇಕು? ಆಟ ಆಡುವವರು ಯಾರೂ ಶನಿವಾರ ಇಷ್ಟು ಹೊತ್ತಿಗೆ ಅಂತ ರೇಡಿಯೋ ಹಾಕಿಕೊಂಡು ಕೂರೋದಿಲ್ಲ. ಪಾಡ್‌ಕಾಸ್ಟ್ ಮಾಡಿ, ಕೇಳುವವರು ಕೇಳುತ್ತಾರೆ.

ಕಿವಿಯೇ_ಕಣ್ಣು ಉತ್ತರ:

ನಾನು ಕೂರುತ್ತೇನೆ. ನನಗೆ ಕಣ್ಣು ಕಾಣೋದಿಲ್ಲ, ಗೇಮ್ ಆಡುತ್ತೇನೆ. ಆಶ್ಚರ್ಯ ಬೇಡ, ಫೈಟಿಂಗ್ ಗೇಮುಗಳನ್ನು ಶಬ್ದದಲ್ಲೇ ಆಡುವವರು ಬೇಕಾದಷ್ಟು ಜನ ಇದ್ದೇವೆ. ಪ್ರತಿ ಹೊಡೆತಕ್ಕೂ ಒಂದು ಶಬ್ದ, ತಡೆದರೆ ಒಂದು, ತಗುಲಿದರೆ ಇನ್ನೊಂದು. ಹೆಡ್‌ಫೋನ್ ಹಾಕಿಕೊಂಡರೆ ಎದುರಾಳಿ ಎಡಕ್ಕಿದ್ದಾನಾ ಬಲಕ್ಕಿದ್ದಾನಾ ಗೊತ್ತಾಗುತ್ತದೆ. 2023ರಲ್ಲಿ ಬಂದ ಸ್ಟ್ರೀಟ್ ಫೈಟರ್ 6ನಲ್ಲಂತೂ ಎದುರಾಳಿ ಎಷ್ಟು ದೂರ ಇದ್ದಾನೆ ಅಂತ ಶಬ್ದದಲ್ಲೇ ಹೇಳುವ ಸೆಟ್ಟಿಂಗ್ ಇದೆ. ನನ್ನ ಅಕ್ಕನ ಮಗ ಮೊದಲ ಸಲ ನನ್ನ ಜೊತೆ ಆಡಲು ಕೂತಾಗ ಪಾಪ ಅಂತ ಮೆಲ್ಲಗೆ ಆಡುತ್ತಿದ್ದ. ಮೂರನೇ ಸುತ್ತಿಗೆ ಟಿವಿ ಸೌಂಡ್ ಮ್ಯೂಟ್ ಮಾಡಿಬಿಟ್ಟ, ಕಳ್ಳ.

ವಿಮರ್ಶೆಗಳಲ್ಲಿ ನನಗೆ ಬೇಕಾದದ್ದು ಯಾರೂ ಹೇಳೋದಿಲ್ಲ. ಮೆನು ತಾನೇ ಓದಿ ಹೇಳುತ್ತದಾ? ಅಕ್ಷರ ದೊಡ್ಡದು ಮಾಡಬಹುದಾ? ಬಟನ್ ಬದಲಿಸಿಕೊಳ್ಳಬಹುದಾ? ದ ಲಾಸ್ಟ್ ಆಫ್ ಅಸ್ ಗೇಮಿನ ಎರಡನೇ ಭಾಗ 2020ರಲ್ಲಿ ಬಂದಾಗ ಇಂಥ ಸೆಟ್ಟಿಂಗುಗಳೇ 60ಕ್ಕಿಂತ ಜಾಸ್ತಿ ಇದ್ದವು. ಬಿಸಿಲು ನೀರಿನ ಮೇಲೆ ಬೀಳೋದನ್ನು ಬಿಡಿ, ಇದಕ್ಕೆ ಎರಡು ನಿಮಿಷ ಕೊಡಿ.

ಇನ್ನು ಚಿತ್ರ ಇಲ್ಲ, ಹೇಗೆ ಅಂತ ಕೇಳಿದಿರಲ್ಲ. 1997ರಲ್ಲಿ ಜಪಾನಿನ ಕೆಂಜಿ ಎನೋ ಸೆಗಾ ಸ್ಯಾಟರ್ನ್ ಅನ್ನೋ ಗೇಮ್ ಮಷೀನಿಗೆ ರಿಯಲ್ ಸೌಂಡ್ ಅಂತ ಒಂದು ಗೇಮ್ ಮಾಡಿದರು. ಅದರಲ್ಲಿ ಚಿತ್ರವೇ ಇಲ್ಲ. ಟಿವಿ ಪರದೆ ಕಪ್ಪಗೇ ಇರುತ್ತದೆ, ಆಟ ಪೂರ್ತಿ ಕಿವಿಗೆ. ನಮ್ಮಂಥವರಿಗೂ ಕಣ್ಣಿರುವವರಿಗೂ ಒಂದೇ ಆಟ. ನಿಮ್ಮ ಕಾರ್ಯಕ್ರಮಕ್ಕೆ ಹೇಳಿ ಮಾಡಿಸಿದ ವಿಷಯ.

ಆಟದ ಶಬ್ದವನ್ನೇ ಹಾಕಿ ಸ್ವಾಮಿ. ನೀವು ಮಾತಾಡೋದು ಕಡಿಮೆ ಮಾಡಿ.

ಫೇಡರ್ ಉತ್ತರ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಒಂದೇ ಎಚ್ಚರಿಕೆ: ನಿಮ್ಮ ನಿಲಯ ಮೋನೋದಲ್ಲಿ ಪ್ರಸಾರ ಮಾಡುತ್ತದಾ ಅಂತ ಮೊದಲು ಕೇಳಿಕೊಳ್ಳಿ. ಸಣ್ಣ ನಿಲಯಗಳಲ್ಲಿ ಅದು ಮಾಮೂಲು. ಮೋನೋ ಆದರೆ ಎಡ ಬಲ ಎರಡೂ ಒಂದಾಗುತ್ತವೆ, "ಕೇಳಿ, ಎಡಗಡೆಯಿಂದ ಬಂದ" ಅಂತ ನೀವು ಹೇಳಿದರೆ ಕೇಳುವವರು ರೇಡಿಯೋ ತಿರುಗಿಸಿ ನೋಡುತ್ತಾರೆ. ಗೇಮಿನ ಹಾಡು, ಸಂಗೀತ ಹಾಕುವ ಮುಂಚೆ ಹಕ್ಕಿನ ವಿಷಯ ನಿಲಯದವರ ಹತ್ತಿರ ಬಾಯಿಬಿಟ್ಟು ಕೇಳಿ.

ಆಮೇಲೆ, ರೇಡಿಯೋದಲ್ಲಿ ಯಾಕೆ ಅಂದವರಿಗೆ. 1983ರಲ್ಲಿ ಯುಗೋಸ್ಲಾವಿಯಾದ ಬೆಲ್‌ಗ್ರೇಡ್ ರೇಡಿಯೋದಲ್ಲಿ ಜೋರಾನ್ ಮೋಡ್ಲಿ ಅನ್ನುವವರು ವೆಂಟಿಲೇಟರ್ 202 ಅಂತ ಕಾರ್ಯಕ್ರಮ ಮಾಡುತ್ತಿದ್ದರು. ಆಗಿನ ಮನೆ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ ಅಂದಮೇಲೆ ಅದು ಶಬ್ದವೇ ತಾನೇ? ಅದನ್ನೇ ಅವರು ಗಾಳಿಗೆ ಬಿಟ್ಟರು. ಕಿರ್ರ್ ಅಂತ ಕಿವಿ ಹರಿಯುವ ಶಬ್ದ, ನಿಮಿಷಗಟ್ಟಲೆ. ಜನ ಮನೆಯಲ್ಲಿ ಟೇಪ್ ರೆಕಾರ್ಡರ್ ಒತ್ತಿ ಹಿಡಿದುಕೊಂಡು, ಆಮೇಲೆ ಅದನ್ನು ಕಂಪ್ಯೂಟರಿಗೆ ಹಾಕಿದರೆ ಗೇಮ್ ರೆಡಿ. ಇಂಟರ್ನೆಟ್ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ರೇಡಿಯೋದಿಂದ ಗೇಮ್ ಡೌನ್‌ಲೋಡ್ ಮಾಡಿಕೊಂಡಿದ್ದಾರೆ. ಅಂಥದ್ದರಲ್ಲಿ ಗೇಮ್ ಬಗ್ಗೆ ಮಾತಾಡೋದು ಯಾವ ಮಹಾ?

ಹಳೇಜಾಯ್‌ಸ್ಟಿಕ್ ಉತ್ತರ:

ಶಬ್ದದಿಂದಲೇ ಶುರು ಮಾಡೋದಾದರೆ ಸ್ಪೇಸ್ ಇನ್ವೇಡರ್ಸ್ ಹಾಕಿ. 1978ರದು, ತೊಮೊಹಿರೊ ನಿಷಿಕಾಡೊ ಮಾಡಿದ್ದು. ಹಿನ್ನೆಲೆಯಲ್ಲಿ ನಾಲ್ಕೇ ಸ್ವರ, ಧಂ ಧಂ ಧಂ ಧಂ, ನಿಧಾನಕ್ಕೆ. ಶತ್ರುಗಳನ್ನು ಹೊಡೆದಷ್ಟೂ ಉಳಿದವರ ವೇಗ ಜೋರಾಗುತ್ತದೆ, ಆ ಧಂ ಧಂ ವೇಗ ಕೂಡ ಜೋರಾಗುತ್ತದೆ, ಎದೆ ಬಡಿತದ ಹಾಗೆ. ಮಜಾ ಏನಂದರೆ, ಶತ್ರುಗಳ ವೇಗ ಜೋರಾಗಲಿ ಅಂತ ಯಾರೂ ಮೊದಲೇ ಯೋಚಿಸಿ ಮಾಡಿದ್ದಲ್ಲ. ಆಗಿನ ಚಿಪ್ಪಿಗೆ ಅಷ್ಟು ಜನ ಶತ್ರುಗಳನ್ನು ಬಿಡಿಸೋದೇ ಭಾರ. ಕೆಲವರು ಸತ್ತ ಮೇಲೆ ಭಾರ ಇಳಿದು ಉಳಿದವರು ತಾವಾಗಿಯೇ ಓಡತೊಡಗಿದರು. ನಿಷಿಕಾಡೊ ಅದನ್ನು ಸರಿಪಡಿಸದೆ ಹಾಗೇ ಬಿಟ್ಟರು.

ನಲವತ್ತು ಸೆಕೆಂಡ್ ಸಾಕು. ಕಂಟ್ರೋಲರ್ ಮುಟ್ಟದವರಿಗೂ ಏನಾಗುತ್ತಿದೆ ಅಂತ ಅರ್ಥ ಆಗುತ್ತದೆ.

ಅರ್ಧಗಂಟೆ ಉತ್ತರ:

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ತಡ ಆಯಿತು.

ಸುದ್ದಿ ಮೂರು ನಿಮಿಷಕ್ಕೆ ಇಳಿಸಿದೆ, ಬೇರೆ ಫೈಲ್. ಅಂಕ ಕೊಡೋದಿಲ್ಲ ಅಂದದ್ದಕ್ಕೆ ನಿಲಯದವರು ಮುಖ ಸಣ್ಣಗೆ ಮಾಡಿದರು, ಆಮೇಲೆ ಬಿಟ್ಟರು. ನಮ್ಮದು ಮೋನೋನೇ, ಕೇಳಿದ್ದು ಒಳ್ಳೆಯದಾಯಿತು. ಮೆನು ಓದುತ್ತದಾ, ಅಕ್ಷರ ಎಷ್ಟು ಅನ್ನೋದನ್ನು ಇನ್ನುಮೇಲೆ ಪ್ರತಿ ವಾರ ಹೇಳುತ್ತೇನೆ. ಹೋದ ಸಲ ಹೇಳಲು ಹೋದಾಗ ಗೊತ್ತಾಯಿತು, ನಲವತ್ತು ಗಂಟೆ ಆಡಿದ ಗೇಮಿನಲ್ಲಿ ಆ ಸೆಟ್ಟಿಂಗ್ ಪುಟವನ್ನು ನಾನು ಒಮ್ಮೆಯೂ ತೆರೆದೇ ಇರಲಿಲ್ಲ.

ಬೆಲ್‌ಗ್ರೇಡ್ ಕಥೆ ಹೇಳಿ ಒಂದು ಹಳೇ ಕ್ಯಾಸೆಟ್ಟಿನ ಕಿರ್ರ್ ಶಬ್ದ ಎಂಟು ಸೆಕೆಂಡ್ ಹಾಕಿದೆ. ಆರನೇ ಸೆಕೆಂಡಿಗೆ ಪಾಳಿಯಲ್ಲಿದ್ದವರು ಟ್ರಾನ್ಸ್‌ಮಿಟರ್ ಕೆಟ್ಟಿತು ಅಂದುಕೊಂಡು ಪ್ರಸಾರದ ಕೋಣೆಗೆ ಓಡಿ ಹೋದರಂತೆ. ಮುಂದಿನ ಸಲ ಮೊದಲೇ ಚೀಟಿ ಬರೆದಿಡು ಅಂತ ಬೈಸಿಕೊಂಡೆ.

ಕೊನೆಗೆ ಸ್ಪೇಸ್ ಇನ್ವೇಡರ್ಸ್. ನಾನೇ ಆಡಿ ರೆಕಾರ್ಡ್ ಮಾಡಿದ್ದು, ಮಧ್ಯೆ ಒಂದು ಮಾತೂ ಆಡಲಿಲ್ಲ, ಬಟನ್ ಒತ್ತುವ ಟಕ್ ಟಕ್ ಕೂಡ ಹಾಗೇ ಬಿಟ್ಟೆ. ಇನ್ನೊಬ್ಬನೇ ಉಳಿದ ಅನ್ನುವಾಗ ಧಂ ಧಂ ಉಸಿರುಗಟ್ಟುವಷ್ಟು ಜೋರಾಗುತ್ತದಲ್ಲ, ಅಲ್ಲಿಗೆ ಸಮಯ ಮುಗಿದು ಕತ್ತರಿಸಿದೆ. ಅವತ್ತು ತಮ್ಮನನ್ನು ಬಿಟ್ಟು ಮೂರು ಕರೆ. ಒಬ್ಬರು ವಯಸ್ಸಾದ ಹೆಂಗಸು, ದನಿಯಲ್ಲಿ ಸ್ವಲ್ಪ ಸಿಟ್ಟು. ಗೇಮ್ ಗೀಮ್ ನನಗೆ ಗೊತ್ತಿಲ್ಲಪ್ಪ, ಆ ಕೊನೆಯವನನ್ನು ಹೊಡೆದೆಯಾ ಇಲ್ವಾ, ಅದನ್ನು ಹೇಳು ಅಂದರು.

ಇಲ್ಲ ಅಮ್ಮ, ತಪ್ಪಿಸಿಕೊಂಡ ಅಂದೆ.