ಪಾರ್ಟಿ (ಗಿರಾಕಿ) ಸರಿಯಿಲ್ಲ ಅಂತ ಮನಸ್ಸು ಹೇಳಿದರೆ ಕೇಳಬೇಕಾ?

ಪ್ರಶ್ನೆ (ಮೈಸೂರಿನ ರಿಯಲ್ ಎಸ್ಟೇಟ್ ಏಜೆಂಟ್):
ಮೇಡಂ, ನಮಸ್ಕಾರ. ನಾನು ಈ ಫೀಲ್ಡಿಗೆ ಹೊಸಬ. ವಿಜಯನಗರ 4ನೇ ಹಂತದಲ್ಲಿ ಒಂದು ಮನೆ ಮಾರಾಟಕ್ಕಿದೆ, ಓನರ್ ಕೇಳುತ್ತಿರುವುದು 85 ಲಕ್ಷ. ಒಬ್ಬ ಪಾರ್ಟಿ ಮನೆ ತುಂಬ ಇಷ್ಟ ಆಯ್ತು ಅಂತ ಮತ್ತೆ ಮತ್ತೆ ಬಂದು ನೋಡಿದ್ದಾರೆ. ನಾಳೆ ಟೋಕನ್ (ಸಣ್ಣ ಮುಂಗಡ) ಕೊಡುತ್ತೇನೆ ಅಂತಾರೆ, ಆ ದಿನ ಫೋನ್ ಎತ್ತುವುದಿಲ್ಲ. ಆಮೇಲೆ ರಾತ್ರಿ ಹೊತ್ತು ತಾವೇ ಫೋನ್ ಮಾಡುತ್ತಾರೆ. ಹಿಂದಿನ ಬ್ರೋಕರ್‌ಗಳೆಲ್ಲ ಮೋಸಗಾರರು ಅಂತಾರೆ. ಓನರ್ ನಂಬರ್ ಕೊಡಿ ಅಂತ ಪದೇ ಪದೇ ಕೇಳುತ್ತಾರೆ. ಅರ್ಧ ದುಡ್ಡು ಕ್ಯಾಶ್ ಕೊಡುತ್ತೇನೆ ಅಂತಲೂ ಹೇಳಿದ್ದಾರೆ. ಮಾತಿನಲ್ಲಿ ಮರ್ಯಾದೆ ಇದೆ, ಅದರಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಆದರೂ ಅವರ ಫೋನ್ ಬಂದರೆ ಹೊಟ್ಟೆಯೊಳಗೆ ಏನೋ ತಳಮಳ. ಒಂದು ಪರ್ಸೆಂಟ್ ಅಂದರೂ 85 ಸಾವಿರ ಕಮಿಷನ್. ಬಿಡೋಕೆ ಮನಸ್ಸಿಲ್ಲ, ಮುಂದೆ ಹೋಗೋಕೆ ಧೈರ್ಯ ಇಲ್ಲ. ಏನು ಮಾಡಲಿ?

ಉತ್ತರ:
ನಮಸ್ಕಾರ. ಆ ತಳಮಳವನ್ನು ತಳ್ಳಿಹಾಕಬೇಡಿ. ಆದರೆ ಅದನ್ನೇ ತೀರ್ಪು ಅಂತಲೂ ತಿಳಿಯಬೇಡಿ. ಏನೋ ಗಮನಿಸಿದ್ದೀರಿ, ಅದಕ್ಕೆ ಇನ್ನೂ ಮಾತು ಸಿಕ್ಕಿಲ್ಲ ಅಷ್ಟೇ. ಆ ಮಾತನ್ನು ಹುಡುಕುವುದೇ ಈಗ ನಿಮ್ಮ ಕೆಲಸ.

ಹೀಗೆ ಮಾಡಿ. ಒಂದು ಹಾಳೆ ತೆಗೆದುಕೊಂಡು ಆ ಪಾರ್ಟಿ ಏನು ಮಾಡಿದರು, ಏನು ಹೇಳಿದರು ಅನ್ನುವುದನ್ನು ಮಾತ್ರ ಬರೆಯಿರಿ. ಅವರು ಯಾರು, ಯಾವ ಊರು, ಹೇಗೆ ಕಾಣುತ್ತಾರೆ, ಯಾವ ಭಾಷೆ ಆಡುತ್ತಾರೆ, ಇದ್ಯಾವುದೂ ಆ ಹಾಳೆಯಲ್ಲಿ ಇರಬಾರದು. ಬರೆದು ಮುಗಿಸಿದ ಮೇಲೂ ಹಾಳೆಯಲ್ಲಿ ಏನಾದರೂ ಉಳಿದಿದ್ದರೆ ನಿಮ್ಮ ಅನುಮಾನಕ್ಕೆ ಬುಡ ಇದೆ. ಏನೂ ಉಳಿಯಲಿಲ್ಲ ಅಂದರೆ ಅದು ನಿಮ್ಮ ಪೂರ್ವಗ್ರಹ. ನಾನು ಇಷ್ಟು ವರ್ಷ ಪಾಲಿಸಿಕೊಂಡು ಬಂದ ಅಳತೆ ಇದೊಂದೇ.

ನಿಮ್ಮ ವಿಷಯದಲ್ಲಿ ಹಾಳೆ ಖಾಲಿ ಇರುವುದಿಲ್ಲ. ನೀವೇ ಬರೆದಿದ್ದೀರಲ್ಲ, ಅದನ್ನೇ ನೋಡೋಣ.

ಮತ್ತೆ ಮತ್ತೆ ಬಂದು ಮನೆ ನೋಡಿದ್ದು ತಪ್ಪೇ ಅಲ್ಲ. ಜೀವಮಾನದ ಉಳಿತಾಯ ಹಾಕುವವರು ಬೆಳಿಗ್ಗೆ ಬಂದು ನೀರು ನೋಡುತ್ತಾರೆ, ಸಂಜೆ ಬಂದು ಪಾರ್ಕಿಂಗ್ ನೋಡುತ್ತಾರೆ, ಮಾವನನ್ನು ಕರೆದುಕೊಂಡು ಬಂದು ವಾಸ್ತು ಕೇಳುತ್ತಾರೆ. 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ಬೇಕು ಅಂತಾರೆ, ಲಾಯರ್‌ಗೆ ತೋರಿಸುತ್ತಾರೆ, ಇ-ಖಾತಾ (ಆಸ್ತಿಯ ಆನ್‌ಲೈನ್ ಖಾತಾ ದಾಖಲೆ) ಯಾಕೆ ಇನ್ನೂ ಆಗಿಲ್ಲ ಅಂತ ಜಗಳಕ್ಕೇ ಬರುತ್ತಾರೆ. ಇಂಥವರನ್ನು ಹೊಸ ಏಜೆಂಟ್‌ಗಳು 'ತಲೆನೋವಿನ ಪಾರ್ಟಿ' ಅಂತ ಬಿಟ್ಟುಬಿಡುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಹೆಚ್ಚು ಪ್ರಶ್ನೆ ಕೇಳುವವರು ಹೆಚ್ಚಿನ ಸಲ ರಿಜಿಸ್ಟ್ರೇಷನ್‌ವರೆಗೂ ಬರುತ್ತಾರೆ. ಒಂದೂ ಪ್ರಶ್ನೆ ಕೇಳದೆ 'ಎಲ್ಲ ಓಕೆ' ಅನ್ನುವವರ ಬಗ್ಗೆ ನನಗೆ ಜಾಸ್ತಿ ಯೋಚನೆ.

ಓನರ್ ನಂಬರ್ ಕೇಳುವುದು ಸಹಜ. ಯಾವತ್ತಾದರೂ ಅವರಿಬ್ಬರೂ ಎದುರು ಬದುರು ಕೂರಲೇಬೇಕು, ಅಲ್ವಾ? ಅದಕ್ಕೆ ಮೊದಲು ಕಮಿಷನ್ ಎಷ್ಟು, ಯಾವಾಗ ಅನ್ನುವುದನ್ನು ಎರಡೂ ಕಡೆಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ 'ಸರಿ' ಅಂತ ಉತ್ತರ ಬಂದರೂ ಏನೂ ಇಲ್ಲದ್ದಕ್ಕಿಂತ ಮೇಲು. ಅದಕ್ಕೆ ಒಪ್ಪದೆ ನಂಬರ್ ಮಾತ್ರ ಕೇಳುತ್ತಿದ್ದರೆ ಉದ್ದೇಶ ಗೊತ್ತಾಯಿತಲ್ಲ.

ಹಿಂದಿನವರೆಲ್ಲ ಮೋಸಗಾರರು ಅನ್ನುವ ಮಾತಿಗೆ 'ಅಯ್ಯೋ ಹೌದಾ ಸರ್' ಅಂತ ತಲೆ ಆಡಿಸಬೇಡಿ. ನಿಧಾನವಾಗಿ ಕೇಳಿ: ಏನಾಯಿತು, ಯಾವ ಮನೆ, ಎಲ್ಲಿ ನಿಂತುಹೋಯಿತು? ನಿಜವಾಗಿ ಏಟು ತಿಂದವರು ವಿವರ ಹೇಳುತ್ತಾರೆ. 'ಅಡ್ವಾನ್ಸ್ ಕೊಟ್ಟೆ, ಆಮೇಲೆ ನೋಡಿದರೆ ಬಿ ಖಾತಾ, ಅನುಮೋದನೆ ಸರಿಯಿಲ್ಲದ ಆಸ್ತಿ' ಅಂತ ಸರಿಯಾಗಿ ಹೇಳುತ್ತಾರೆ. ಬರೀ ಬೈಗುಳ ಬಂದರೆ, ಮುಂದಿನ ಬೈಗುಳ ನಿಮಗೆ.

ಇನ್ನು ಕ್ಯಾಶ್. ಇದು ಮನಸ್ಸು ಹೇಳಬೇಕಾದ ವಿಷಯವೇ ಅಲ್ಲ, ಕಾನೂನು ಹೇಳಿಯಾಗಿದೆ. ಸ್ಥಿರಾಸ್ತಿ ಮಾರಾಟದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ. 2015ರ ಜೂನ್‌ನಿಂದ ಅಡ್ವಾನ್ಸ್‌ಗೂ ಇದೇ ನಿಯಮ. ಮುರಿದರೆ ಆದಾಯ ತೆರಿಗೆಯವರು ತೆಗೆದುಕೊಂಡವರ ಮೇಲೆ ಅಷ್ಟೇ ಮೊತ್ತದ ದಂಡ ಹಾಕಬಹುದು. ಅಂದರೆ ಸಿಕ್ಕಿಬೀಳುವುದು ನಿಮ್ಮನ್ನು ನಂಬಿ ಮನೆ ಕೊಟ್ಟ ಓನರ್. ಜೊತೆಗೆ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಓನರ್‌ಗೆ ಕೊಡುವ ಹಣದಲ್ಲಿ 1% ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಈ ಎರಡನ್ನೂ ಮೊದಲ ಭೇಟಿಯಲ್ಲೇ ಹೇಳಿಬಿಡಿ. 'ಎಲ್ಲರೂ ಮಾಡ್ತಾರೆ ಬಿಡಿ' ಅಂದರೆ ಅದೂ ಹಾಳೆಗೆ ಸೇರಲಿ.

ಈಗ ಮಾಡಬೇಕಾದ್ದು: ಒಂದು ಸಣ್ಣ ಕೆಲಸ ಕೊಡಿ, ಒಂದು ದಿನಾಂಕ ಕೊಡಿ. 'ಸರ್, ಶುಕ್ರವಾರದೊಳಗೆ ಪ್ಯಾನ್ ಕಾರ್ಡ್ ಕಾಪಿ, ಲೋನ್ ಇದ್ದರೆ ಬ್ಯಾಂಕಿನ ಮಂಜೂರಾತಿ ಪತ್ರ ಕಳಿಸಿ. ಟೋಕನ್ ಓನರ್ ಖಾತೆಗೇ ಚೆಕ್ ಅಥವಾ ಆನ್‌ಲೈನ್.' ಮನೆ ಬೇಕಾದವರು ಗೊಣಗಿಕೊಂಡಾದರೂ ಕಳಿಸುತ್ತಾರೆ. ಮಾತು ಎಷ್ಟು ಸಿಹಿ, ಎಷ್ಟು ಖಾರ ಅನ್ನುವುದು ಲೆಕ್ಕಕ್ಕಿಲ್ಲ. ಕೇಳಿದ ಕಾಗದ ಹೇಳಿದ ದಿನ ಬಂತಾ, ಇಲ್ಲವಾ?

ಬೆಂಗಳೂರಿನ ಸದಸ್ಯರೊಬ್ಬರು:
ಮೇಡಂ, ಕ್ಷಮಿಸಿ, ನನಗೆ ಈ ಒಳಮನಸ್ಸು ಅನ್ನುವುದರ ಮೇಲೆಯೇ ನಂಬಿಕೆ ಇಲ್ಲ. ಮುಖ ನೋಡಿ ಪಾರ್ಟಿ ಬಿಟ್ಟವರು ಆಮೇಲೆ ಕೈ ಹಿಸುಕಿಕೊಂಡಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅನುಭವ ಇದ್ದವರಿಗೆ ಗೊತ್ತಾಗುತ್ತದೆ ಅನ್ನುವುದು ನಿಜವಾ?

ಉತ್ತರ:
ನಿಮ್ಮ ಅನುಮಾನ ಸರಿ. ಇದನ್ನು ತಿಳಿದವರೇ ಚರ್ಚೆ ಮಾಡಿದ್ದಾರೆ. ಗ್ಯಾರಿ ಕ್ಲೈನ್ ಅನ್ನುವ ಮನಶ್ಶಾಸ್ತ್ರಜ್ಞರು ಬೆಂಕಿ ಆರಿಸುವವರ ತಂಡದ ನಾಯಕರು ಕ್ಷಣದಲ್ಲಿ ಹೇಗೆ ನಿರ್ಧಾರ ಮಾಡುತ್ತಾರೆ ಅಂತ ಅಧ್ಯಯನ ಮಾಡಿದವರು, ಒಳಮನಸ್ಸಿನ ಪರ. ಡೇನಿಯಲ್ ಕಾನೆಮನ್ ಅದರ ಬಗ್ಗೆ ಅನುಮಾನ ಇದ್ದವರು. ಇಬ್ಬರೂ ಸೇರಿ 2009ರಲ್ಲಿ ಒಂದು ಲೇಖನ ಬರೆದರು. ಅವರು ಒಪ್ಪಿಕೊಂಡ ಮಾತು ಇಷ್ಟು: ಕೆಲಸದಲ್ಲಿ ಒಂದು ಕ್ರಮ ಇರಬೇಕು, ನಿಮ್ಮ ಊಹೆ ಸರಿಯೋ ತಪ್ಪೋ ಅಂತ ನಿಮಗೆ ತಿಳಿಯುತ್ತಾ ಇರಬೇಕು. ಆಗ ಮಾತ್ರ ಒಳಮನಸ್ಸು ಪಳಗುತ್ತದೆ. ತನಗೆ ಎಷ್ಟು ಗಟ್ಟಿಯಾಗಿ ಅನ್ನಿಸುತ್ತದೆ ಅನ್ನುವುದು ಪುರಾವೆ ಅಲ್ಲ.

ನಮ್ಮ ಕೆಲಸದ ತೊಂದರೆ ಅಲ್ಲೇ ಇರುವುದು. ನಾವು ಬಿಟ್ಟ ಪಾರ್ಟಿ ಆಮೇಲೆ ಏನಾದರು ಅಂತ ನಮಗೆ ಗೊತ್ತಾಗುವುದೇ ಇಲ್ಲ. ಬಿಟ್ಟದ್ದು ಒಳ್ಳೆಯದಾಯಿತು ಅಂತ ಸುಮ್ನೆ ಸಮಾಧಾನ ಮಾಡಿಕೊಳ್ಳುತ್ತೇವೆ. ಹಿಡಿದುಕೊಂಡ ಪಾರ್ಟಿಯ ಫಲ ತಿಳಿಯಲಿಕ್ಕೂ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಮೊದಲ ದಿನ ಏನು ಅನ್ನಿಸಿತ್ತು ಅನ್ನುವುದು ಮರೆತುಹೋಗಿರುತ್ತದೆ, ಇಲ್ಲವೇ ಫಲಕ್ಕೆ ತಕ್ಕ ಹಾಗೆ ನೆನಪೇ ಬದಲಾಗಿರುತ್ತದೆ.

ಅದಕ್ಕೆ ನಾನು ಒಂದು ಪುಸ್ತಕ ಇಟ್ಟಿದ್ದೇನೆ. ಮೊದಲ ಭೇಟಿ ಆದ ಸಂಜೆ ಎರಡು ಸಾಲು: ಈ ಪಾರ್ಟಿ ಮುಂದುವರಿಯುತ್ತಾರಾ, ಯಾಕೆ ಹಾಗೆ ಅನ್ನಿಸಿತು. ವ್ಯವಹಾರ ಮುಗಿದ ಮೇಲೆ ಅದರ ಪಕ್ಕದಲ್ಲೇ ಏನಾಯಿತು ಅಂತ ಬರೆಯುತ್ತೇನೆ. ದುಡ್ಡಿನ ವಿಷಯದಲ್ಲಿ ನನ್ನ ಊಹೆ ಚೆನ್ನಾಗಿ ಕೂಡಿಬರುತ್ತದೆ, ಯಾಕೆಂದರೆ ಅಲ್ಲಿ ಮಾತು ಮತ್ತು ನಡೆ ಎರಡೂ ಕಣ್ಣಿಗೆ ಕಾಣುತ್ತವೆ. ಬಟ್ಟೆ, ಗಾಡಿ, ಮಾತಿನ ಧಾಟಿ ನೋಡಿ ಮಾಡಿದ ಊಹೆ ಯಾವ ಕೆಲಸಕ್ಕೂ ಬರಲಿಲ್ಲ.

ಹಾಸನದ ಸದಸ್ಯರು:
ಕೊಳ್ಳುವವರ ಬಗ್ಗೆ ಆಯಿತು. ನಮ್ಮ ಕಡೆ ತಲೆನೋವು ಮಾರುವವರದ್ದೇ ಜಾಸ್ತಿ. ಜಮೀನು ಮಾರುವವರು 'ಬೇಗ ಮುಗಿಸಿ, ಬೇಗ ಮುಗಿಸಿ' ಅಂತಾರೆ. ಅಲ್ಲಿ ಮನಸ್ಸು ಎಲ್ಲಿ ಎಚ್ಚರವಾಗಬೇಕು?

ಉತ್ತರ:
ಬಹಳ ಒಳ್ಳೆಯ ಪ್ರಶ್ನೆ, ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಅವಸರ ಒಂದೇ ತಪ್ಪಲ್ಲ. ಮಗಳ ಮದುವೆ, ಆಸ್ಪತ್ರೆ ಖರ್ಚು, ಬ್ಯಾಂಕ್ ಸಾಲ, ಅವಸರಕ್ಕೆ ನೂರು ಕಾರಣ. ಕಾರಣ ಕೇಳಿ. ದಿನಕ್ಕೊಂದು ಕಾರಣ ಬಂದರೆ ಕಿವಿ ನಿಮಿರಬೇಕು.

ನನ್ನ ಮನಸ್ಸು ತಕ್ಷಣ ಎಚ್ಚರವಾಗುವ ಒಂದು ಮಾತಿದೆ: 'ತಂಗಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಯ್ತು, ಅವಳ ಸಹಿ ಏನೂ ಬೇಡ.' ಪಿತ್ರಾರ್ಜಿತ ಆಸ್ತಿಯಲ್ಲಿ ಈ ಮಾತು ಬಂದರೆ ನಾನು ಪೆನ್ನು ಕೆಳಗಿಡುತ್ತೇನೆ. ನಮ್ಮ ರಾಜ್ಯ 1994ರಲ್ಲೇ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ತಂದಿತು, ಆಗ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ಇಲ್ಲದೆ ಮಗನಷ್ಟೇ ಹಕ್ಕನ್ನು ಮಗಳಿಗೂ ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ವಿಭಾಗ ಆಗಿದ್ದರೆ ಬೇರೆ ವಿಷಯ, ಅದನ್ನು ಲಾಯರ್ ನೋಡಿ ಹೇಳಬೇಕು. ಮದುವೆಯಲ್ಲಿ ಕೊಟ್ಟ ಬಂಗಾರದಿಂದ ಹಕ್ಕು ಹೋಗುವುದಿಲ್ಲ.

ಇಸಿ ಕ್ಲೀನ್ ಇದೆ ಅಂತ ಕಾಗದ ಮುಂದಿಡುತ್ತಾರೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ತಂಗಿಯ ಹಕ್ಕು ಅಲ್ಲಿ ಕಾಣುವುದಿಲ್ಲ. ಆದ್ದರಿಂದ ವಂಶವೃಕ್ಷ ಕೇಳಿ, ಪಹಣಿ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ಹಿಂದಿನಿಂದ ನೋಡಿ. ತಂಗಿಗೆ ನಿಜವಾಗಿ ಪಾಲು ಬೇಡವಾದರೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ, ಅಥವಾ ಕ್ರಯಪತ್ರಕ್ಕೆ ಅವರೂ ಸಹಿ ಹಾಕಲಿ. 'ಅವರನ್ನು ಒಂದು ಸಲ ಮಾತಾಡಿಸಬಹುದಾ?' ಅಂತ ಕೇಳಿ ನೋಡಿ. ಆಗ ಮಾರುವವರ ಮುಖ ಗಮನಿಸಿ, ನಿಮ್ಮ ಒಳಮನಸ್ಸಿಗೆ ಅಲ್ಲಿ ನಿಜವಾದ ಕೆಲಸ ಇದೆ.

ಸರ್ಕಾರದಿಂದ ಮಂಜೂರಾದ ಜಮೀನಾದರೆ ಇನ್ನೂ ಒಂದು ಮೆಟ್ಟಿಲು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವುದು 1978ರ ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಲ್ಲಿ ನಿಷಿದ್ಧ. ಆ ಭೂಮಿಯನ್ನು ವಾಪಸ್ ಕೇಳಲು ಕಾಲಮಿತಿ ಅಡ್ಡಿಯಾಗಬಾರದು ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ಮೂಲ ಮಂಜೂರಾತಿ ದಾಖಲೆ 'ಕಳೆದುಹೋಗಿದೆ' ಅಂದರೆ, ಕಚೇರಿಯಿಂದ ನಕಲು ಬರುವವರೆಗೆ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಿಕೊಳ್ಳುವವರು:
ನನಗೆ ಬ್ಯಾಚುಲರ್ ಹುಡುಗರು, ಒಂಟಿ ಹೆಣ್ಣುಮಕ್ಕಳು ಬಂದರೆ ಮನಸ್ಸು ಒಪ್ಪುವುದಿಲ್ಲ. ಓನರ್‌ಗಳೂ 'ನಮ್ಮವರಾದರೆ ಮಾತ್ರ' ಅಂತಾರೆ. ಇದೂ ಒಳಮನಸ್ಸೇ ತಾನೇ?

ಉತ್ತರ:
ಅಲ್ಲ. ಅವರು ಬಾಗಿಲಲ್ಲಿ ನಿಂತಿದ್ದಾರೆ ಅಷ್ಟೇ, ಇನ್ನೂ ಏನೂ ಮಾಡಿಲ್ಲ. ನಿಮ್ಮ ಹಾಳೆ ಖಾಲಿ ಇದೆ. ಜಾತಿ, ಧರ್ಮ, ಊಟ, ಮದುವೆ ನೋಡಿ ಬರುವ ಅನುಮಾನವನ್ನು ಅನುಭವ ಅಂತ ಕರೆಯಬೇಡಿ. ಎಷ್ಟೋ ಜನ ಈ ಊರಿನಲ್ಲಿ ಬಾಡಿಗೆ ಮನೆಗೆ ಅಲೆದು ಅವಮಾನ ಪಡುವುದು ಇದರಿಂದಲೇ. ಕೆಲಸದ ಪತ್ರ, ಹಿಂದಿನ ಓನರ್ ಫೋನ್ ನಂಬರ್, ಬಾಡಿಗೆ ಕರಾರು, ಇವನ್ನು ಎಲ್ಲರಿಂದಲೂ ಒಂದೇ ಥರ ಕೇಳಿ.

ಹುಬ್ಬಳ್ಳಿಯಿಂದ ಒಬ್ಬರು:
ಅಕ್ಕ, ನಾನು ಖಾಲಿ ಮನೆ, ಹೊರವಲಯದ ಸೈಟು ಒಬ್ಬಳೇ ತೋರಿಸಬೇಕಾಗುತ್ತೆ. ಕೆಲವರ ಜೊತೆ ಹೋಗೋಕೆ ಭಯ ಆಗುತ್ತೆ. ಕಾರಣ ಕೇಳಿದರೆ ಹೇಳೋಕೆ ಬರಲ್ಲ. ನಾನೂ ಹಾಳೆ ಬರೀಬೇಕಾ?

ಉತ್ತರ:
ಬೇಡಮ್ಮ. ಇಲ್ಲಿ ನಿಯಮವೇ ಬೇರೆ. ದುಡ್ಡಿನ ವಿಷಯದಲ್ಲಿ ಕಾರಣ ಬೇಕು, ಜೀವದ ವಿಷಯದಲ್ಲಿ ಭಯ ಒಂದೇ ಸಾಕು. ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. 'ಇವತ್ತು ಕೀ ಸಿಗಲಿಲ್ಲ' ಅಂತ ಹೇಳಿ ಬಂದುಬಿಡು. 1986ರಲ್ಲಿ ಲಂಡನ್‌ನಲ್ಲಿ ಸೂಸಿ ಲ್ಯಾಂಪ್ಲು ಅನ್ನುವ 25 ವರ್ಷದ ಎಸ್ಟೇಟ್ ಏಜೆಂಟ್ ಗಿರಾಕಿಗೆ ಮನೆ ತೋರಿಸಲು ಹೋದವರು ವಾಪಸ್ ಬರಲೇ ಇಲ್ಲ. ಆ ಗಿರಾಕಿ ಯಾರು ಅನ್ನುವುದಕ್ಕೆ ಡೈರಿಯಲ್ಲಿ ಇದ್ದದ್ದು 'ಮಿಸ್ಟರ್ ಕಿಪ್ಪರ್' ಅನ್ನುವ ಹೆಸರು ಮಾತ್ರ. ಅದಕ್ಕೇ ಹೇಳುತ್ತೇನೆ, ಬರೀ ಹೆಸರಿನ ಮೇಲೆ ಯಾರ ಜೊತೆಗೂ ಹೋಗಬೇಡ. ಮೊದಲ ಭೇಟಿ ಆಫೀಸಿನಲ್ಲೇ ಆಗಲಿ, ಗುರುತಿನ ಚೀಟಿಯ ಫೋಟೋ ಆಫೀಸಿಗೆ ಹೋಗಲಿ. ಬೆಳಕಿದ್ದಾಗ ಮಾತ್ರ ಸೈಟ್ ವಿಸಿಟ್, ಅವರ ಗಾಡಿಯಲ್ಲಿ ಬೇಡ. ಲೈವ್ ಲೊಕೇಶನ್ ಒಬ್ಬರಿಗೆ ಹಾಕಿರು. ಮನೆಯೊಳಗೆ ಅವರು ಮುಂದೆ, ನೀನು ಬಾಗಿಲ ಹತ್ತಿರ. ತುರ್ತಾದರೆ 112. ಇದಕ್ಕೆ ಒಪ್ಪದ ಬಾಸ್ ಹತ್ತಿರ ಕೆಲಸ ಮಾಡಬೇಡ.

ಮೊದಲ ಪ್ರಶ್ನೆ ಕೇಳಿದವರು:
ಮೇಡಂ, ನೀವು ಹೇಳಿದ ಹಾಗೆ ಪ್ಯಾನ್, ಬ್ಯಾಂಕ್ ಪತ್ರ ಕೇಳಿದೆ. ಕ್ಯಾಶ್ ಆಗಲ್ಲ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೋಮವಾರದವರೆಗೆ ಟೈಮ್ ಕೊಡಿ ಅಂದರು. ಬಿಡಬೇಕು ಅಂತಾದರೆ ಹೇಗೆ ಹೇಳಲಿ?

ಉತ್ತರ:
ಸೋಮವಾರದವರೆಗೆ ಕೊಡಿ, ಒಂದೇ ಸಲ. ಅಷ್ಟರಲ್ಲಿ ಬೇರೆಯವರಿಗೆ ಮನೆ ತೋರಿಸುವುದನ್ನು ನಿಲ್ಲಿಸಬೇಡಿ, ಅದನ್ನು ಅವರಿಗೂ ಹೇಳಿ. ಕಾಗದ ಬರಲಿಲ್ಲ ಅಂದರೆ ಫೋನ್ ಬೇಡ, ಮೆಸೇಜ್ ಹಾಕಿ: 'ಸರ್, ಕೇಳಿದ ದಾಖಲೆ ಬಂದಿಲ್ಲ. ಈ ಮನೆ ವಿಷಯದಲ್ಲಿ ನಾನು ನಿಮ್ಮ ಜೊತೆ ಮುಂದುವರಿಯುತ್ತಿಲ್ಲ. ನಿಮ್ಮಿಂದ ಯಾವ ಹಣವನ್ನೂ ಪಡೆದಿಲ್ಲ.' ಕೊನೆಯ ಸಾಲು ಬಿಡಬೇಡಿ. ಅದೇ ದಿನ ಓನರ್‌ಗೂ ತಿಳಿಸಿ, ಯಾಕೆ ಅಂತಲೂ ಹೇಳಿ. ಬೈಗುಳ ಬಂದರೆ ಉತ್ತರ ಕೊಡಬೇಡಿ. ಕಾಗದ ಸರಿಯಾಗಿ ಬಂದರೆ ಮಾತ್ರ ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಕರೆದು ಕೂರಿಸಿ, ಓನರ್ ಜೊತೆ ಮಾತಿಗೆ ದಿನ ಗೊತ್ತು ಮಾಡಿ.