ಕೈನೆಟಿಕ್ ರೋಪ್ ಇತ್ತು, ಎಳೆಯಲು ಇನ್ನೊಂದು ಗಾಡಿ ಇರಲಿಲ್ಲ: ಒಬ್ಬನೇ ಹೋಗುವವನು ಏನು ಒಯ್ಯಬೇಕು?

ನಿಟ್ಟೂರು ಥಾರ್:

ಎಲ್ಲರಿಗೂ ನಮಸ್ಕಾರ. ಕೆಲಸ ಶಿವಮೊಗ್ಗದಲ್ಲಿ, ಮನೆ ಮತ್ತು ಅಡಿಕೆ ತೋಟ ಹೊಸನಗರ ತಾಲ್ಲೂಕಿನ ನಿಟ್ಟೂರಿನಿಂದ ಒಳಗೆ. ಶನಿವಾರ ಮಧ್ಯಾಹ್ನ ಹೊರಟರೆ ಸೋಮವಾರ ಬೆಳಿಗ್ಗೆ ವಾಪಸ್. ಟಾರು ರಸ್ತೆ ಬಿಟ್ಟ ಮೇಲೆ ನಾಲ್ಕು ಕಿಲೋಮೀಟರ್ ಮಣ್ಣು ದಾರಿ, ಮಧ್ಯೆ ಎರಡು ಹಳ್ಳ. ಗಾಡಿ ಡೀಸೆಲ್ ಥಾರ್, 2022ರದ್ದು. ಜೊತೆಗೆ ಯಾರೂ ಇರುವುದಿಲ್ಲ.

ಆರಿದ್ರ ಮಳೆ ಜೋರಾಗಿ ಹಿಡಿದಿದ್ದ ಆ ಶನಿವಾರ ಎರಡನೇ ಹಳ್ಳ ದಾಟಿ ಏರು ಹತ್ತುವಾಗ ಎಡಗಡೆಯ ಎರಡೂ ಚಕ್ರ ಚರಂಡಿಗೆ ಜಾರಿದವು. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ. ಒತ್ತಿದಷ್ಟೂ ಹೂತುಕೊಂಡಿತು. ಕೊನೆಗೆ ಗಾಡಿಯ ಹೊಟ್ಟೆ ನೆಲಕ್ಕೆ ಕೂತು ಚಕ್ರ ಸುಮ್ನೆ ತಿರುಗತೊಡಗಿದವು. ಆಗ ಮೂರೂವರೆ ಗಂಟೆ. ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ ರಿಕವರಿ ಕಿಟ್ ಇತ್ತು: ಒಂಬತ್ತು ಮೀಟರ್ ಕೈನೆಟಿಕ್ ರೋಪ್ (ಇನ್ನೊಂದು ಗಾಡಿ ಎಳೆಯುವಾಗ ಹಿಗ್ಗಿ ಜಗ್ಗುವ ಹಗ್ಗ), ಎರಡು ಶ್ಯಾಕಲ್ (ಹಗ್ಗ ಸಿಕ್ಕಿಸುವ ಉಕ್ಕಿನ ಕೊಂಡಿ), ಒಂದು ಜೊತೆ ಕೈಗವಸು. ಬ್ಯಾಗ್ ಬಿಚ್ಚಿ, ಒಂದು ತುದಿ ಗಾಡಿಯ ಹುಕ್ಕಿಗೆ ಹಾಕಿ, ಇನ್ನೊಂದು ತುದಿ ಕೈಯಲ್ಲಿ ಹಿಡಿದು ನಿಂತೆ. ಯಾರಿಗೆ ಕೊಡಲಿ? ಎದುರಿಗೆ ಒಂದು ಹಲಸಿನ ಮರ ಮಾತ್ರ ಇತ್ತು.

ಸಿಗ್ನಲ್ ಇಲ್ಲ. ಮೂರು ಕಿಲೋಮೀಟರ್ ನಡೆದು ಒಬ್ಬರ ಟ್ರ್ಯಾಕ್ಟರ್ ಕರೆತಂದೆ. ಗಾಡಿ ಹೊರಗೆ ಬಂದಾಗ ರಾತ್ರಿ ಒಂಬತ್ತು. ಮನೆಗೆ ಹೋಗಿ ಕಾಲಿಂದ ಕಿತ್ತ ಉಂಬಳ ಹದಿನೇಳು. "ಇನ್ನು ಬಸ್ಸಲ್ಲೇ ಬಾ, ನಿಟ್ಟೂರಿಂದ ನಡೆದುಕೊಂಡು ಬಂದರಾಯಿತು" ಎಂದು ಅಮ್ಮ ಹೇಳಿಬಿಟ್ಟಿದ್ದಾರೆ.

ಈಗ ಕೈಯಲ್ಲಿ 25 ಸಾವಿರ ಇದೆ. ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚ್ ಹಾಕಿಸಲಾ? ಚಕ್ರದ ಕೆಳಗೆ ಇಡುವ ಪ್ಲಾಸ್ಟಿಕ್ ಬೋರ್ಡ್ ಸಾಕಾ? ಉದ್ದ ಹಿಡಿಯ ಹೈ-ಲಿಫ್ಟ್ ಜಾಕ್ ತಗೊಳ್ಳಲಾ? ಒಬ್ಬರೇ ಓಡಾಡುವವರು ದಯವಿಟ್ಟು ಹೇಳಿ.

ಸಂಪೆಕಟ್ಟೆ ಸವಾರ:

ಯೋಚನೆ ಮಾಡಬೇಡಿ, ಎಲೆಕ್ಟ್ರಿಕ್ ವಿಂಚ್ ಹಾಕಿಸಿ. ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದು ಬೇಕು. ಥಾರ್‌ಗೆ 9,500 ಪೌಂಡಿನದ್ದು ಧಾರಾಳ, ಅಂದರೆ 4,300 ಕೆಜಿ. ಅದನ್ನು ಕೂರಿಸಲು ಗಟ್ಟಿ ಬಂಪರೂ ಬೇಕು. 25 ಸಾವಿರಕ್ಕೆ ಆಗಲ್ಲ, ಮುಂದಿನ ಕೊಯ್ಲಿನವರೆಗೆ ಕಾಯಿರಿ.

ಹಳೇ ಜೀಪು, ತೀರ್ಥಹಳ್ಳಿ:

ಸವಾರರು ಹೇಳಿದ್ದು ತಪ್ಪಲ್ಲ. ಆದರೆ ವಿಂಚ್ ಇರುವುದು ಮುಂದೆ. ಅದು ಎಳೆಯುವುದೂ ಮುಂದಕ್ಕೇ. ಒಬ್ಬನೇ ಹೋಗಿ ಹೂತವನಿಗೆ ಬೇಕಾಗುವುದು ಹೆಚ್ಚಾಗಿ ಹಿಂದಕ್ಕೆ, ಬಂದ ದಾರಿಗೆ. ಮುಂದೆ ಇನ್ನೂ ಎಷ್ಟು ಕೆಸರು ಇದೆಯೋ ಯಾರಿಗೆ ಗೊತ್ತು? ಕಷ್ಟಪಟ್ಟು ಹತ್ತು ಅಡಿ ಮುಂದೆ ಎಳೆದುಕೊಂಡು ಅಲ್ಲಿ ಮತ್ತೆ ಹೂತವರನ್ನು ನಾನು ನೋಡಿದ್ದೇನೆ. ಒಂದು ಸಲ ಆ ಮಹಾಶಯ ನಾನೇ.

ನನ್ನದು ಹಳೇ ಮಹೀಂದ್ರಾ 540. ಇಪ್ಪತ್ತು ವರ್ಷದಿಂದ ತೋಟಕ್ಕೆ ಗೊಬ್ಬರ, ತೋಟದಿಂದ ಅಡಿಕೆ, ಎಲ್ಲಾ ಅದರಲ್ಲೇ. ಹಿಂದೆ ಇರುವುದು ಕೈ ವಿಂಚ್. ನಾಟಾ ಎಳೆಯುವವರು, ಕಂಬ ನಿಲ್ಲಿಸುವವರು ಇಟ್ಟುಕೊಳ್ಳುತ್ತಾರಲ್ಲ, ಉಕ್ಕಿನ ಹಗ್ಗ ಒಂದು ಬಾಯಲ್ಲಿ ಹೊಕ್ಕು ಇನ್ನೊಂದು ಬಾಯಲ್ಲಿ ಹೊರಬರುವಂಥದ್ದು. ಕೆಲವರು ಟಿರ್ಫರ್ ಎನ್ನುತ್ತಾರೆ. ಲಿವರ್ ಹಿಂದೆ ಮುಂದೆ ಮಾಡುತ್ತಾ ಇರಬೇಕು. 1.6 ಟನ್ನಿನದ್ದು ಒಬ್ಬನೇ ಎತ್ತಬಹುದು. 3.2 ಟನ್ನಿನದ್ದು ಎತ್ತಿದರೆ ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಳ್ಳಬೇಕು. ನಿಧಾನ, ಬೆವರು ಕಿತ್ತು ಬರುತ್ತೆ, ಒಂದು ಸಲ ಹೊಡೆದರೆ ಗಾಡಿ ಬೆರಳಗಲ ಸರಿಯುತ್ತೆ. ಆದರೆ ಹಿಂದಕ್ಕೆ, ಮುಂದಕ್ಕೆ, ಅಡ್ಡಕ್ಕೆ, ಎತ್ತ ಬೇಕಾದರೂ ಎಳೆಯುತ್ತೆ. ಬ್ಯಾಟರಿ ಸತ್ತಿದ್ದರೂ ಎಳೆಯುತ್ತೆ. ತೂಕ ಮೀರಿದರೆ ಒಳಗಿನ ಪಿನ್ ತುಂಡಾಗಿ ಎಳೆತ ನಿಲ್ಲುತ್ತೆ. ಬದಲಿ ಪಿನ್ನುಗಳನ್ನು ತಪ್ಪದೆ ಇಟ್ಟುಕೊಳ್ಳಿ, ಅದರ ಜಾಗಕ್ಕೆ ಮೊಳೆ ಹಾಕುವ ಜಾಣತನ ಬೇಡ. ಆನ್‌ಲೈನ್‌ನಲ್ಲಿ "2 ಟನ್" ಎಂದು ಬರೆದು ಮಾರುವ ಪುಟ್ಟ ಹಲ್ಲುಗಾಲಿ ಪುಲ್ಲರ್ ಬೇಡವೇ ಬೇಡ. ಅದರಲ್ಲಿ ಎರಡು ಮೂರು ಮೀಟರ್ ಹಗ್ಗ ಇದ್ದರೆ ಹೆಚ್ಚು. ಮರ ಇರುವುದು ಹದಿನೈದು ಮೀಟರ್ ದೂರ.

ಇನ್ನು ಲೆಕ್ಕ ನೋಡಿ. ಥಾರ್ ಖಾಲಿ ಇದ್ದಾಗಲೇ 1,750 ಕೆಜಿ ಹತ್ತಿರ. ನೀವು, ಸಾಮಾನು, ಡೀಸೆಲ್ ಸೇರಿ ಎರಡು ಟನ್ ಎನ್ನಿ. ಚಕ್ರದ ನಡುವಿನವರೆಗೆ ಹೂತರೆ ಗಾಡಿಯ ತೂಕದಷ್ಟೇ ಎಳೆತ ಬೇಕು, ಅದಕ್ಕೂ ಮೇಲೆ ಹೋದರೆ ಎರಡು ಪಟ್ಟು ಎನ್ನುವುದು ಹಳೇ ಮಿಲಿಟರಿ ಲೆಕ್ಕ. ನಿಮ್ಮದು ಹೊಟ್ಟೆ ಕೂತಿತ್ತು, ಅಂದರೆ ನಾಲ್ಕು ಟನ್. 1.6ರ ಮಷಿನ್‌ಗೆ ಒಂದು ಪುಲ್ಲಿ ಸೇರಿಸಿದರೆ, ಅಂದರೆ ಮಷಿನ್ ಮರಕ್ಕೆ, ಪುಲ್ಲಿ ಗಾಡಿಗೆ, ಹಗ್ಗದ ತುದಿ ಮತ್ತೆ ಮರಕ್ಕೆ, ಆಗ ಹೆಚ್ಚುಕಡಿಮೆ 3.2 ಬರುತ್ತೆ. ಇನ್ನೂ ಸಾಲದು, ಅಲ್ವಾ? ಅದಕ್ಕೇ ಗುದ್ದಲಿ. ಮೊದಲು ಹೊಟ್ಟೆಯ ಕೆಳಗಿನ ಮಣ್ಣು ಎಳೆದು ತೆಗೆಯಿರಿ, ಚಕ್ರ ಹೋಗಬೇಕಾದ ಕಡೆ ಇಳಿಜಾರಾಗಿ ಕಡಿಯಿರಿ. ಅರ್ಧ ಗಂಟೆ ಅಗೆದರೆ ನಾಲ್ಕು ಟನ್ ಎರಡಕ್ಕೆ ಇಳಿಯುತ್ತೆ. ಪೇಟೆಯ ಮಡಚುವ ಗುದ್ದಲಿ ತರಬೇಡಿ. ಜಂಬಿಟ್ಟಿಗೆ ನೆಲಕ್ಕೆ ಮೂರು ಏಟು ಹಾಕಿದರೆ ಅದರ ಕುತ್ತಿಗೆ ಲಟಕ್. ಮನೆಯಲ್ಲಿರುವ ಹಾರೆ, ಗುದ್ದಲಿಯನ್ನೇ ಹಾಕಿಕೊಳ್ಳಿ, ಜೊತೆಗೆ ಒಂದು ಕತ್ತಿ.

ಮರದ ವಿಷಯ. ಎರಡು ವರ್ಷದ ಹಿಂದೆ ಪುಷ್ಯ ಮಳೆಯಲ್ಲಿ ಸೊಪ್ಪಿನ ಬೆಟ್ಟದ ದಾರಿಯಲ್ಲಿ ಕೂತೆ. ಹತ್ತಿರ ಇದ್ದದ್ದು ದರೆಯ ಅಂಚಿನ ಅಕೇಶಿಯಾ, ತೊಡೆ ಗಾತ್ರ. ಪಟ್ಟಿ ಸುತ್ತಿ ಎಳೆಯತೊಡಗಿದೆ. ಗಾಡಿ ಅಲ್ಲಾಡಲಿಲ್ಲ. ಹಗ್ಗ ಮಾತ್ರ ಸಡಿಲ ಆಗುತ್ತಾ ಬಂತು. ಏನಪ್ಪಾ ಎಂದು ತಲೆ ಎತ್ತಿದರೆ ಮರ ನನ್ನ ಕಡೆಗೇ ಬಾಗುತ್ತಿದೆ! ಬುಡದ ಹತ್ತಿರ ನೆಲ ಚಾಪೆ ಎತ್ತಿದ ಹಾಗೆ ಮೇಲೇಳುತ್ತಿತ್ತು, ಸೀಳಿನಿಂದ ಕೆಂಪು ನೀರು ಬುಳುಬುಳು ಬರುತ್ತಿತ್ತು. ಲಿವರ್ ಬಿಟ್ಟು ಪಕ್ಕಕ್ಕೆ ಹಾರಿದೆ. ಅಕೇಶಿಯಾದ ಬೇರು ಆಳಕ್ಕೆ ಹೋಗುವುದಿಲ್ಲ, ಗಾಳಿಗೇ ಬೀಳುವ ಮರ. ಮತ್ತಿ, ಹೊನ್ನೆ, ನಂದಿ ಇದ್ದರೆ ಅದಕ್ಕೆ ಕಟ್ಟಿ, ಬುಡದಲ್ಲೇ ಕಟ್ಟಿ, ಅಗಲ ಪಟ್ಟಿ ಹಾಕಿ. ಬರೀ ಉಕ್ಕಿನ ಹಗ್ಗ ಸುತ್ತಿದರೆ ತೊಗಟೆ ಸುಲಿದು ಮರ ಸಾಯುತ್ತೆ.

ಅವತ್ತು ಬೇರೆ ಮರ ಇರಲಿಲ್ಲ. ಸ್ಟೆಪ್ನಿ ಬಿಚ್ಚಿ, ತೊಡೆ ಮಟ್ಟದ ಗುಂಡಿ ತೆಗೆದು, ಪಟ್ಟಿ ಕಟ್ಟಿ ಹೂತೆ. ಪಟ್ಟಿ ಹೊರಬರಲು ಗಾಡಿಯ ಕಡೆಗೆ ಓರೆಯಾಗಿ ಒಂದು ಕಾಲುವೆ ಕಡಿಯಬೇಕು, ಇಲ್ಲದಿದ್ದರೆ ಸ್ಟೆಪ್ನಿ ಮೇಲಕ್ಕೆ ಕಿತ್ತು ಬರುತ್ತೆ. ಎರಡು ಗಂಟೆ ಹಿಡಿಯಿತು. ಗಾಡಿ ಬಂತು. ಸ್ಟೆಪ್ನಿಯನ್ನು ಮತ್ತೆ ಅಗೆದು ತೆಗೆಯಲು ಇನ್ನೊಂದು ಗಂಟೆ, ಅದನ್ನು ಯಾರೂ ಹೇಳುವುದಿಲ್ಲ.

ಬೋರ್ಡ್ ಕೇಳಿದ್ದೀರಿ. ಒಳ್ಳೆಯದೇ. ಆದರೆ ನಿಮ್ಮ ತೋಟದಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಇಲ್ಲವಾ ಮಾರಾಯ್ರೇ? ಮೂರು ಅಡಿಯ ದಬ್ಬೆಗಳನ್ನು ಏಣಿಯ ಮೆಟ್ಟಿಲ ಹಾಗೆ ಅಡ್ಡ ಇಟ್ಟು ಹಗ್ಗದಲ್ಲಿ ಹೆಣೆದು ಎರಡು ತಟ್ಟಿ ಮಾಡಿ, ಸುತ್ತಿ ಹಿಂದೆ ಇಡಿ. ಬಿಡಿಬಿಡಿಯಾಗಿ ಉದ್ದಕ್ಕೆ ಇಟ್ಟರೆ ಚಕ್ರ ಅದನ್ನು ಬಾಣದ ಹಾಗೆ ಹಿಂದೆ ಎಸೆಯುತ್ತೆ. ಟೈರ್ ಗಾಳಿ 32 ಇದ್ದರೆ 18ಕ್ಕೆ ಇಳಿಸಿ. 15ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರ್ ರಿಮ್ಮಿಂದ ಕಳಚಬಹುದು. ಮತ್ತೆ ತುಂಬಲು ಬ್ಯಾಟರಿಗೆ ಕ್ಲಿಪ್ ಹಾಕುವ ಕಂಪ್ರೆಸರ್ ತಗೊಳ್ಳಿ.

ಹೈ-ಲಿಫ್ಟ್ ಜಾಕ್ ನನಗೆ ಇಷ್ಟ ಇಲ್ಲ. ಒದ್ದೆ ನೆಲದಲ್ಲಿ ವಾಲುತ್ತೆ, ಹಿಡಿ ಕೈ ತಪ್ಪಿದರೆ ದವಡೆಗೆ ಬಡಿಯುತ್ತೆ. ಜೊತೆಗೆ ಯಾರಾದರೂ ಇದ್ದರೆ ಆಸ್ಪತ್ರೆಗೆ ಒಯ್ಯುತ್ತಾರೆ. ಒಬ್ಬನೇ ಇದ್ದರೆ? ಬಾಟಲ್ ಜಾಕ್, ಅದರ ಕೆಳಗೆ ದಪ್ಪ ಹಲಗೆ, ಸಾಕು.

ಸಾಗರದ ಪಶುವೈದ್ಯೆ:

ನಾನು ಹವ್ಯಾಸಕ್ಕೆ ಹೋಗುವವಳಲ್ಲ. ಹಸು ಕರು ಹಾಕಲು ಕಷ್ಟಪಡುತ್ತಿದೆ ಎಂದು ಫೋನ್ ಬಂದರೆ ರಾತ್ರಿ ಹನ್ನೊಂದಕ್ಕೂ ಜಿಮ್ನಿ ಹತ್ತಬೇಕು. ಹಾಗಾಗಿ ನನ್ನ ಮೊದಲ ಸಾಮಾನು ಒಂದು ಚೀಟಿ. ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಬರೆದು ಫ್ರಿಜ್ ಮೇಲೆ ಅಂಟಿಸುತ್ತೇನೆ. ಹೇಳಿದ ಹೊತ್ತಿಗೆ ಎರಡು ಗಂಟೆ ಮೀರಿದರೆ ಮನೆಯವರು ಆ ಊರಿನವರಿಗೆ ಫೋನ್ ಮಾಡಬೇಕು. ದಾರಿ ಬದಲಿಸಿದರೆ ಸಿಗ್ನಲ್ ಇರುವ ಕಡೆಯೇ ನಿಂತು ಹೇಳುತ್ತೇನೆ. ತಮ್ಮಾ, ಅವತ್ತು ನೀವು ಮೂರು ಕಿಲೋಮೀಟರ್ ನಡೆಯುವಾಗ ಕಾಲು ಉಳುಕಿದ್ದರೆ ಅಮ್ಮನಿಗೆ ಯಾವಾಗ ಗೊತ್ತಾಗುತ್ತಿತ್ತು?

ಹಳ್ಳದ ಬಗ್ಗೆ ಯಾರೂ ಹೇಳಲಿಲ್ಲ. ಥಾರ್ 650 ಮಿಲಿಮೀಟರ್ ನೀರು ದಾಟುತ್ತೆ ಎಂದು ಕಂಪನಿ ಹೇಳುತ್ತೆ, ಅಂದರೆ ಎರಡಡಿ ಚಿಲ್ಲರೆ. ಅದನ್ನು ನಂಬಿ ಹರಿಯುವ ಹಳ್ಳಕ್ಕೆ ಇಳಿಯಬೇಡಿ. ಎರಡಡಿ ನೀರು ಜೋರಾಗಿ ಹರಿಯುತ್ತಿದ್ದರೆ ನಿಮ್ಮ ಗಾಡಿಯನ್ನೇ ಪಕ್ಕಕ್ಕೆ ತಳ್ಳುತ್ತೆ. ನನ್ನದು ಒಂದೇ ನಿಯಮ: ನಾನು ಕೋಲು ಹಿಡಿದು ನಡೆದು ದಾಟಲಾಗದ ಹಳ್ಳವನ್ನು ಗಾಡಿಯೂ ದಾಟುವುದಿಲ್ಲ. ನೀರು ಕೆಂಪಾಗಿ, ಕಸಕಡ್ಡಿ ತೇಲಿಬರುತ್ತಿದ್ದರೆ ಮೇಲೆ ಮಳೆ ಹೊಡೆಯುತ್ತಿದೆ ಎಂದರ್ಥ, ಕಾಲೂ ಇಡುವುದಿಲ್ಲ. ನಡುನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಕೀ ತಿರುಗಿಸಬೇಡಿ. ನೀರು ಒಳಗೆ ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ.

ಕತ್ತಲಾದರೆ ಗಾಡಿಯಲ್ಲೇ ಇರಿ. ಕಾಟಿ (ಕಾಡುಕೋಣ) ಎದುರಾದರೆ ಟಾರ್ಚ್ ಏನೂ ಮಾಡುವುದಿಲ್ಲ. ಆದರೆ ಹೂತ ಗಾಡಿಯ ಎಂಜಿನ್ ಚಾಲು ಇಟ್ಟು, ಗಾಜು ಏರಿಸಿ ಮಲಗಬೇಡಿ. ಸೈಲೆನ್ಸರ್ ಕೆಸರಲ್ಲಿ ಮುಚ್ಚಿದ್ದರೆ ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತೆ, ವಾಸನೆಯೇ ಇಲ್ಲದ ವಿಷ ಅದು. ನನ್ನ ಸೀಟಿನ ಹಿಂದೆ ಒಂದು ಜೊತೆ ಒಣಬಟ್ಟೆ, ಕಂಬಳಿ, ಸೀಟಿ, ಹೆಡ್‌ಟಾರ್ಚ್, ಅವಲಕ್ಕಿ, ಎರಡು ಬಾಟಲಿ ನೀರು ಸದಾ ಇರುತ್ತೆ. ಉಂಬಳಕ್ಕೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಮಳೆ ಮುಗಿದು ಡಿಸೆಂಬರ್ ಬಂದ ಮೇಲೆ ಕಾಡುದಾರಿಯಲ್ಲಿ ನಡೆಯಬೇಕಾದರೆ ಉಂಬಳಕ್ಕಿಂತ ಉಣುಗಿನ (ಉಣ್ಣೆ ಹುಳದ) ಭಯ ಜಾಸ್ತಿ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲೇ. ಉಣುಗು ಹತ್ತದ ಹಾಗೆ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯ ಒಂದು ಬಾಟಲಿಯನ್ನೂ ಗಾಡಿಯಲ್ಲಿಡಿ.

ನಿಟ್ಟೂರು ಥಾರ್:

ಅಕ್ಕ, ಅಣ್ಣ, ತುಂಬಾ ಉಪಕಾರ. ಚೀಟಿ ವಿಷಯ ಅಮ್ಮನಿಗೆ ಓದಿ ಹೇಳಿದೆ, ಬಸ್ಸಿನ ಮಾತು ಸದ್ಯಕ್ಕೆ ನಿಂತಿದೆ. ಎರಡು ಸಂಶಯ. ದುಬೈನಿಂದ ಬರುವ ಗೆಳೆಯ ಸ್ಯಾಟಲೈಟ್ ಮೆಸೇಜ್ ಕಳಿಸುವ ಪುಟ್ಟ ಸಾಧನ ತರುತ್ತೇನೆ ಎನ್ನುತ್ತಿದ್ದಾನೆ, ತರಿಸಲಾ? ಇನ್ನೊಂದು, ಗಾಡಿಯ ಹಿಂದೆ ಟ್ರೇಲರ್ ಎಳೆಯುವ ಗುಂಡು ಹಾಕಿಸಿದ್ದೇನೆ. ಕೈ ವಿಂಚನ್ನು ಅದಕ್ಕೇ ಸಿಕ್ಕಿಸಬಹುದಾ?

ಸಂಪೆಕಟ್ಟೆ ಸವಾರ:

ಸ್ಯಾಟಲೈಟ್ ಸಾಧನ ಬೇಡ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ನಿಮ್ಮ ಗೆಳೆಯ ಏರ್‌ಪೋರ್ಟಿನಲ್ಲೇ ಸಿಕ್ಕಿಬೀಳುತ್ತಾನೆ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112 ಹೋಗುತ್ತೆ. ಗುಡ್ಡದ ನೆತ್ತಿಗೆ ಹತ್ತಿ ಪ್ರಯತ್ನಿಸಿ.

ಹಳೇ ಜೀಪು, ತೀರ್ಥಹಳ್ಳಿ:

ಆ ಗುಂಡಿಗೆ ಮಾತ್ರ ಯಾವತ್ತೂ ಕಟ್ಟಬೇಡಿ! ಅದು ಟ್ರೇಲರ್‌ನ ಭಾರಕ್ಕೆ ಮಾಡಿದ್ದು. ಕೆಸರಿಂದ ಕೀಳುವ ಎಳೆತಕ್ಕೆ ಮುರಿದರೆ ಫಿರಂಗಿ ಗುಂಡಿನ ಹಾಗೇ ಹಾರುತ್ತೆ. ಹಾಗೆ ಹಾರಿ ಜನ ಸತ್ತಿದ್ದಾರೆ. ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ ಕೊಂಡಿಗೇ ಕಟ್ಟಬೇಕು. ಶ್ಯಾಕಲ್ ಮೇಲೆ 4.75 ಟನ್ ಎಂದು ಉಕ್ಕಿನಲ್ಲೇ ಅಕ್ಷರ ಎದ್ದಿರಬೇಕು, ಬರೀ ಬಣ್ಣದಲ್ಲಿ ಬರೆದಿದ್ದರೆ ಗೇಟಿಗೆ ಹಾಕಿ. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ತುಂಡಾದರೆ ಅದರ ಭಾರಕ್ಕೆ ನೆಲಕ್ಕೆ ಬೀಳುತ್ತೆ.

ಇನ್ನೊಂದು. ಸ್ವಂತ ತೋಟದ ದಾರಿ ಸರಿ. ಸಾಮಾನು ಬಂತು ಎಂದು ರಿಸರ್ವ್ ಫಾರೆಸ್ಟ್ ಒಳಗೆ ಪರೀಕ್ಷೆ ಮಾಡಲು ಹೋಗಬೇಡಿ. ಅಲ್ಲಿ ಹೂತರೆ ಗಾಡಿ ಎಳೆಯಲು ಬರುವುದು ಇಲಾಖೆಯವರು, ಎಳೆದುಕೊಂಡು ಹೋಗುವುದು ಅವರ ಕಚೇರಿಗೆ.

ಕೊಪ್ಪದ ಮೂರು ಗಾಡಿ:

ಪಾಠ ಎಲ್ಲಾ ಮುಗಿಯಿತಲ್ಲ. ಆ ಕೈನೆಟಿಕ್ ರೋಪ್ ಮಾರುತ್ತೀರಾ? ನಾವು ಯಾವಾಗಲೂ ಮೂರು ಗಾಡಿ ಒಟ್ಟಿಗೆ ಹೋಗುವವರು, ನಮಗೆ ಉಪಯೋಗ ಆಗುತ್ತೆ.

ನಿಟ್ಟೂರು ಥಾರ್:

ತಡವಾಯಿತು. ಟ್ರ್ಯಾಕ್ಟರ್‌ನವರು ಅವತ್ತು ದುಡ್ಡು ಮುಟ್ಟಲಿಲ್ಲ. ನಿನ್ನೆ ಎರಡು ಕೆಜಿ ಕಾಫಿಪುಡಿ ಜೊತೆ ರೋಪನ್ನೂ ಅವರ ಕೊಟ್ಟಿಗೆಯಲ್ಲಿ ನೇತುಹಾಕಿ ಬಂದೆ. ಅವರ ಲ್ಯಾಂಡ್‌ಲೈನ್ ಮಳೆ ಬಂದರೂ ನಡೆಯುತ್ತಂತೆ. ಅದರ ನಂಬರ್ ಈಗ ಚೀಟಿಯಲ್ಲಿದೆ.